ಅರ್ಧಕ್ಕೆ ಬಿಟ್ಟ ವಿಡಿಯೋದ ಡೇಟಾ ಎಲ್ಲಿ ಹೋಯ್ತು?

ಯೂಟ್ಯೂಬ್‌ನಲ್ಲಿ ವಿಡಿಯೋ ಓಡುವಾಗ ಕೆಳಗಡೆ ಎರಡು ಗೆರೆ ಕಾಣುತ್ತವೆ. ಕೆಂಪು ಗೆರೆ ನೀವು ಎಲ್ಲಿಯವರೆಗೆ ನೋಡಿದ್ದೀರಿ ಅಂತ ಹೇಳುತ್ತೆ. ಅದರ ಮುಂದೆ ಓಡುವ ಮಸುಕು ಗೆರೆ ಆಗಲೇ ಡೌನ್‌ಲೋಡ್ ಆಗಿ ನಿಮ್ಮ ಫೋನ್‌ನಲ್ಲಿ ಕೂತಿರುವ, ಆದರೆ ನೀವಿನ್ನೂ ನೋಡದಿರುವ ಭಾಗ. ಈಗ ಬ್ಯಾಕ್ ಬಟನ್ ಒತ್ತಿ. ಆ ಮಸುಕು ಭಾಗ ಕಸದ ಬುಟ್ಟಿಗೆ ಹೋಯ್ತು. ಟವರ್‌ನಿಂದ ಫೋನ್‌ವರೆಗೆ ಬಂದ ಆ ಬಿಟ್‌ಗಳಿಗೆ ನಿಮ್ಮ ಪ್ಯಾಕ್‌ನಲ್ಲಿ ಡೇಟಾ ಕಳೆದಿದೆ, ಬ್ಯಾಟರಿ ಖರ್ಚಾಗಿದೆ, ಪಕ್ಕದ ರೂಮಿನವರಿಗೆ ಸಿಗಬಹುದಾಗಿದ್ದ ಬ್ಯಾಂಡ್‌ವಿಡ್ತ್ ಕೂಡ ಹೋಗಿದೆ. ಯಾರೂ ನೋಡಲಿಲ್ಲ, ಅಷ್ಟೇ.

ಈ ಲೇಖನ ಆ ಮಸುಕು ಗೆರೆಯ ಬಗ್ಗೆ. ಅದು ಎಷ್ಟು ಉದ್ದ ಇರಬೇಕು ಅನ್ನೋದನ್ನು ನೆಟ್‌ವರ್ಕ್‌ನ ವೇಗ ಒಂದೇ ನೋಡಿ ತೀರ್ಮಾನಿಸೋಕೆ ಆಗಲ್ಲ. ನೋಡುವವರು ಎಷ್ಟು ಹೊತ್ತು ಇರುತ್ತಾರೆ, ಯಾವಾಗ ಎದ್ದು ಹೋಗುತ್ತಾರೆ, ಯಾವುದಕ್ಕೆ ಕಾಯುತ್ತಾರೆ ಅನ್ನೋದೂ ಗೊತ್ತಿರಬೇಕು. ಕಂಪ್ಯೂಟರ್ ನೆಟ್‌ವರ್ಕ್ಸ್ ಪಾಠದಲ್ಲಿ ನಾವು ಟಿಸಿಪಿ, ಕ್ಯೂ, ರೌಟಿಂಗ್ ಎಲ್ಲಾ ಓದುತ್ತೇವೆ. ತುದಿಯಲ್ಲಿ ಕೂತಿರುವ ಮನುಷ್ಯ ಮಾತ್ರ ಸಿಲಬಸ್‌ನಲ್ಲಿ ಇಲ್ಲ.

ಮೊದಲು ವಿಡಿಯೋ ಹೇಗೆ ಬರುತ್ತೆ ಅಂತ ಚುಟುಕಾಗಿ ನೋಡೋಣ. ಸರ್ವರ್‌ನಲ್ಲಿ ಒಂದೇ ವಿಡಿಯೋವನ್ನು ಬೇರೆ ಬೇರೆ ಬಿಟ್‌ರೇಟ್‌ಗಳಲ್ಲಿ ಇಟ್ಟಿರುತ್ತಾರೆ. ಪ್ರತಿಯೊಂದನ್ನೂ ಕೆಲವೇ ಸೆಕೆಂಡ್‌ಗಳ ತುಣುಕುಗಳಾಗಿ ಕತ್ತರಿಸಿರುತ್ತಾರೆ. ಯಾವ ತುಣುಕು ಎಲ್ಲಿದೆ ಅಂತ ಹೇಳುವ ಒಂದು ಪಟ್ಟಿ ಇರುತ್ತೆ. ಪ್ಲೇಯರ್ ಆ ಪಟ್ಟಿ ಓದಿ, ಮಾಮೂಲಿ ವೆಬ್ ಪುಟ ಕೇಳಿದ ಹಾಗೆ ಎಚ್‌ಟಿಟಿಪಿಯಲ್ಲಿ ಒಂದೊಂದೇ ತುಣುಕು ಕೇಳುತ್ತೆ. ನೆಟ್ ಚೆನ್ನಾಗಿದ್ದರೆ ಮುಂದಿನ ತುಣುಕನ್ನು ಹೆಚ್ಚಿನ ಗುಣಮಟ್ಟದಲ್ಲಿ, ಇಲ್ಲದಿದ್ದರೆ ಕಡಿಮೆಯಲ್ಲಿ. ಆಪಲ್‌ನ ಎಚ್‌ಎಲ್‌ಎಸ್ 2009ರಲ್ಲಿ ಬಂತು, ಎಂಪೆಗ್-ಡ್ಯಾಶ್ 2012ರಲ್ಲಿ ಸ್ಟ್ಯಾಂಡರ್ಡ್ ಆಯ್ತು. ಇಲ್ಲಿ ನೆನಪಿಡಬೇಕಾದ್ದು ಇಷ್ಟೇ: ಎಷ್ಟು ಮುಂದಕ್ಕೆ ತರಬೇಕು, ಯಾವ ಗುಣಮಟ್ಟದಲ್ಲಿ ತರಬೇಕು ಅನ್ನುವ ತೀರ್ಮಾನ ಹೆಚ್ಚಾಗಿ ಪ್ಲೇಯರ್‌ನದು. ಸರ್ವರ್ ಕೇಳಿದ್ದನ್ನು ಕೊಡುತ್ತೆ. ನಡುವಿನ ನೆಟ್‌ವರ್ಕ್‌ಗೆ ಇದೆಲ್ಲ ಬರೀ ಪ್ಯಾಕೆಟ್‌ಗಳು.

ಬಫರ್ ಅಂದ್ರೆ ಒಂದು ಬಾಜಿ

ಈಗ ಒಂದು ಸಣ್ಣ ಲೆಕ್ಕ. ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿ ವಿಡಿಯೋ ಹಾಕಿದ್ದೀರಿ, ಬಿಟ್‌ರೇಟ್ 5 ಎಂಬಿಪಿಎಸ್ ಅಂತಿಟ್ಟುಕೊಳ್ಳಿ. ಪ್ಲೇಯರ್ 60 ಸೆಕೆಂಡ್ ಮುಂದಕ್ಕೆ ತಂದಿಟ್ಟುಕೊಳ್ಳುತ್ತೆ. ನೀವು 20 ಸೆಕೆಂಡ್ ನೋಡಿ, ಇದು ನಾನು ಹುಡುಕುತ್ತಿದ್ದ ಡೆರಿವೇಶನ್ ಅಲ್ಲ ಅಂತ ಮುಚ್ಚಿದಿರಿ. ನೋಡಿದ್ದು 100 ಮೆಗಾಬಿಟ್, ಅಂದ್ರೆ 12.5 ಮೆಗಾಬೈಟ್. ಮುಂದೆ ಬಂದು ಕೂತಿದ್ದು 300 ಮೆಗಾಬಿಟ್, ಅಂದ್ರೆ 37.5 ಮೆಗಾಬೈಟ್. ಬಂದಿದ್ದರಲ್ಲಿ ಮುಕ್ಕಾಲು ಪಾಲು ವ್ಯರ್ಥ. ಪರೀಕ್ಷೆಯ ಹಿಂದಿನ ರಾತ್ರಿ ಹೀಗೆ ಹತ್ತು ವಿಡಿಯೋ ತೆರೆದು ಮುಚ್ಚಿದರೆ 375 ಎಂಬಿ. ಫೋನ್‌ನ ಹಾಟ್‌ಸ್ಪಾಟ್‌ನಲ್ಲಿ, ದಿನಕ್ಕೆ 1.5 ಜಿಬಿ ಪ್ಯಾಕ್ ಇಟ್ಟುಕೊಂಡವರಿಗೆ ಅದು ಕಾಲು ಭಾಗ.

ಹೀಗೆ ಬಿಟ್ಟುಹೋಗುವುದು ಅಪರೂಪದ ಸಂಗತಿ ಏನಲ್ಲ. ಅಮೆರಿಕ ಮತ್ತು ಯುರೋಪಿನ ಜಾಲಗಳಲ್ಲಿ ಯೂಟ್ಯೂಬ್ ಟ್ರಾಫಿಕ್ ಅಳೆದ 2011ರ ಒಂದು ಅಧ್ಯಯನದಲ್ಲಿ 60% ವಿಡಿಯೋಗಳನ್ನು ಜನ ಅವುಗಳ ಉದ್ದದ 20% ಕೂಡ ನೋಡದೆ ಬಿಟ್ಟಿದ್ದರು. ಆಗ ರೀಲ್ಸ್, ಶಾರ್ಟ್ಸ್ ಯಾವುದೂ ಇರಲಿಲ್ಲ. ಈಗ ಬೆರಳಲ್ಲಿ ತಳ್ಳಿದರೆ ಮುಂದಿನದು ಬರುತ್ತೆ, ಅದು ತಡವಿಲ್ಲದೆ ಬರಲಿ ಅಂತ ಆ್ಯಪ್ ಮುಂದಿನ ಕೆಲವು ವಿಡಿಯೋಗಳ ಆರಂಭವನ್ನು ಮೊದಲೇ ತಂದಿಟ್ಟಿರುತ್ತೆ. ನೀವು ತಳ್ಳದೆ ಫೋನ್ ಜೇಬಿಗೆ ಹಾಕಿದರೆ ಅಷ್ಟೂ ದಂಡ.

ಹಾಗಾದ್ರೆ ಬಫರ್ ಚಿಕ್ಕದು ಮಾಡಿಬಿಡೋಣ್ವಾ? ಬೆಂಗಳೂರಿನಿಂದ ಮಂಗಳೂರಿಗೆ ಬಸ್‌ನಲ್ಲಿ ಹೋಗಿದ್ದವರಿಗೆ ಉತ್ತರ ಗೊತ್ತು. ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತೆ. ಅಲ್ಲಿ ಐದು ಸೆಕೆಂಡ್‌ನ ಬಫರ್ ಇಟ್ಟುಕೊಂಡರೆ ತಿರುವಿಗೊಂದು ಸಲ ವಿಡಿಯೋ ನಿಂತು ಆ ಚಕ್ರ ಗಿರಗಿರ ತಿರುಗುತ್ತೆ. ಬಫರ್ ಮಳೆಗಾಲಕ್ಕೆ ಮೊದಲೇ ಕೂಡಿಟ್ಟ ಸೌದೆ ಇದ್ದ ಹಾಗೆ. ಮಳೆ ಎಷ್ಟು ದಿನ ಅಂತ ಗೊತ್ತಿಲ್ಲದಿದ್ದರೆ ಜಾಸ್ತಿಯೇ ಕೂಡಿಡಬೇಕು. ಆದರೆ ನಾಳೆಯೇ ಮನೆ ಖಾಲಿ ಮಾಡಿ ಹೋಗುವವರು ಲೋಡುಗಟ್ಟಲೆ ಸೌದೆ ತರಿಸಲ್ಲ. ಎರಡು ಅನಿಶ್ಚಿತತೆಗಳು ಇಲ್ಲಿ ಒಟ್ಟಿಗೆ ಇವೆ. ನೆಟ್ ಎಷ್ಟು ಹೊತ್ತು ಇರುತ್ತೆ ಅನ್ನೋದು ಒಂದು, ನೋಡುವವರು ಎಷ್ಟು ಹೊತ್ತು ಇರುತ್ತಾರೆ ಅನ್ನೋದು ಇನ್ನೊಂದು. ಮೊದಲನೆಯದರ ಮೇಲೆ ರಾಶಿ ರಾಶಿ ಪೇಪರ್‌ಗಳಿವೆ. ಎರಡನೆಯದಕ್ಕೆ ಬೇಕಾದ ಗಣಿತ ನಮ್ಮ ಪ್ರಾಬಬಿಲಿಟಿ ಕ್ಲಾಸ್‌ನಲ್ಲೇ ಇದೆ.

ಒಂದು ಹತ್ತು ನಿಮಿಷದ ಪಾಠದ ವಿಡಿಯೋ ಇದೆ ಅನ್ನಿ. ಈ ಸಂಖ್ಯೆಗಳು ಉದಾಹರಣೆಗೆ ನಾನು ಕಟ್ಟಿದ್ದು. 100 ಜನ ಪ್ಲೇ ಒತ್ತಿದರು. 30 ಸೆಕೆಂಡ್ ಆಗುವಾಗ 70 ಜನ ಉಳಿದಿದ್ದಾರೆ. ಒಂದು ನಿಮಿಷಕ್ಕೆ 60, ಎರಡು ನಿಮಿಷಕ್ಕೆ 55, ಐದು ನಿಮಿಷಕ್ಕೆ 50, ಕೊನೆಗೆ 45. ಇದನ್ನು ಗ್ರಾಫ್‌ನಲ್ಲಿ ಬರೆದರೆ ಮೊದಲು ದಿಢೀರ್ ಇಳಿದು ಆಮೇಲೆ ಬಹುತೇಕ ಮಟ್ಟಸವಾಗುವ ಗೆರೆ ಬರುತ್ತೆ. ಇನ್ಶೂರೆನ್ಸ್‌ನವರು, ವೈದ್ಯಕೀಯ ಸಂಶೋಧಕರು ಇಂಥ ಗೆರೆಗೆ ಸರ್ವೈವಲ್ ಕರ್ವ್ ಅನ್ನುತ್ತಾರೆ.

ಪ್ಲೇ ಒತ್ತಿದ ಕ್ಷಣದಲ್ಲಿ, ಐದನೇ ನಿಮಿಷದ ತುಣುಕನ್ನು ಈ ವ್ಯಕ್ತಿ ನೋಡುವ ಸಾಧ್ಯತೆ 50/100, ಅರ್ಧ. ಅದೇ ವ್ಯಕ್ತಿ ಒಂದು ನಿಮಿಷ ದಾಟಿದರೆ 50/60, ಅಂದ್ರೆ 83%. ಎರಡು ನಿಮಿಷ ದಾಟಿದರೆ 50/55, ಸುಮಾರು 91%. ಕಂಡೀಷನಲ್ ಪ್ರಾಬಬಿಲಿಟಿ ಯಾಕಪ್ಪಾ ಕಲೀಬೇಕು ಅಂತ ಕೇಳುತ್ತಿದ್ದವರಿಗೆ ಇದು ಉತ್ತರ. ಇಲ್ಲಿಂದ ಬರುವ ನಿಯಮ ಸರಳ: ಶುರುವಿನಲ್ಲಿ ಬಫರ್ ಚಿಕ್ಕದಾಗಿರಲಿ, ನೋಡುವವರು ನೆಲೆ ನಿಂತ ಹಾಗೆಲ್ಲ ಅದು ಬೆಳೆಯಲಿ. ಹತ್ತನೇ ಸೆಕೆಂಡ್‌ನಲ್ಲೇ ಅರವತ್ತು ಸೆಕೆಂಡ್ ಮುಂದಕ್ಕೆ ತರುವ ಪ್ಲೇಯರ್, ಬಂದು ಹೋಗುವ ನೆಂಟರಿಗೂ ಉಳಿಯುವ ನೆಂಟರಿಗೂ ಒಂದೇ ಅಳತೆಯಲ್ಲಿ ಅಕ್ಕಿ ಹಾಕಿದ ಹಾಗೆ.

ಆದರೆ ಎಲ್ಲ ವಿಡಿಯೋಗೂ ಒಂದೇ ಗೆರೆ ಇರೋದಿಲ್ಲ. ಹಾಡಿನ ವಿಡಿಯೋ, ಲೆಕ್ಚರ್, ಕ್ರಿಕೆಟ್, ಸಿನಿಮಾ ಒಂದೊಂದರದೂ ಬೇರೆ ಆಕಾರ. ಲೆಕ್ಚರ್‌ನಲ್ಲಿ ಜನ ಹಿಂದಕ್ಕೆ ಹೋಗುತ್ತಾರೆ, ಹಾಗಾಗಿ ನೋಡಿ ಮುಗಿದ ತುಣುಕನ್ನೂ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಲಾಭ. ಟ್ಯುಟೋರಿಯಲ್‌ನಲ್ಲಿ ಪೀಠಿಕೆ ಹಾರಿಸಿ ನೇರ ಕೋಡ್ ಇರುವಲ್ಲಿಗೆ ಜಿಗಿಯುತ್ತಾರೆ. ಎಲ್ಲರೂ ಜಿಗಿಯುವ ಆ ಜಾಗ ಸರ್ವರ್‌ಗೆ ಗೊತ್ತಿದ್ದರೆ, ಸಾಲಾಗಿ ತರುವ ಬದಲು ಅಲ್ಲಿನ ಒಂದೆರಡು ತುಣುಕನ್ನು ಮೊದಲೇ ತರಬಹುದು. ಹಾಡು ಹಾಕಿ ಫೋನನ್ನು ಮಗುಚಿಟ್ಟು ಅಸೈನ್‌ಮೆಂಟ್ ಬರೆಯುವವರ ಕಥೆಯಂತೂ ಇನ್ನೂ ಸುಲಭ: ಕಿವಿಗೆ ಬೇಕಾದ್ದು ಆಡಿಯೋ, ಬರುತ್ತಿರೋದು ಎಚ್‌ಡಿ ಚಿತ್ರ. ನೆಟ್‌ಫ್ಲಿಕ್ಸ್ ಆಗಾಗ "ಇನ್ನೂ ನೋಡ್ತಾ ಇದ್ದೀರಾ?" ಅಂತ ಕೇಳುತ್ತಲ್ಲ, ನಿದ್ದೆ ಹೋದವರ ಮುಂದೆ ಇಡೀ ಸೀರೀಸ್ ಹರಿದುಹೋಗದ ಹಾಗೆ ತಡೆಯುವುದಕ್ಕೂ ಆ ಪ್ರಶ್ನೆ ಉಪಯೋಗ.

ಒಂದು ತೊಡಕು ಮಾತ್ರ ಹೇಳಲೇಬೇಕು. ಡೇಟಾ ಉಳಿಸೋಕೆ ಸ್ವಲ್ಪ ಸ್ವಲ್ಪವೇ ತರಿಸಿದರೆ ಬ್ಯಾಟರಿ ಹೆಚ್ಚು ಖರ್ಚಾಗುತ್ತೆ. ಎಲ್‌ಟಿಇ ರೇಡಿಯೋ ಒಂದು ಡೌನ್‌ಲೋಡ್ ಮುಗಿದ ತಕ್ಷಣ ಮಲಗುವುದಿಲ್ಲ. ಇನ್ನೇನಾದರೂ ಬರಬಹುದು ಅಂತ ಸುಮಾರು ಹತ್ತು ಸೆಕೆಂಡ್ ಹೆಚ್ಚಿನ ವಿದ್ಯುತ್ ಬಳಸುತ್ತಾ ಎಚ್ಚರವಾಗಿರುತ್ತೆ. ಐದು ಸೆಕೆಂಡ್‌ಗೊಂದು ತುಣುಕು ತರಿಸಿದರೆ ರೇಡಿಯೋಗೆ ನಿದ್ದೆಯೇ ಇಲ್ಲ. ಒಮ್ಮೆಗೇ ದೊಡ್ಡ ಕಂತು ತರಿಸಿ ಸುಮ್ಮನಿದ್ದರೆ ಬ್ಯಾಟರಿ ಉಳಿಯುತ್ತೆ, ಆದರೆ ಬಿಟ್ಟುಹೋದರೆ ಡೇಟಾ ನಷ್ಟ. ಎರಡನ್ನೂ ಪೂರ್ತಿ ಉಳಿಸುವ ದಾರಿ ಇಲ್ಲ. ಇಲ್ಲೂ ಸಹಾಯಕ್ಕೆ ಬರೋದು ಅದೇ ಗ್ರಾಫ್: ಇಳಿಜಾರು ಇರುವಲ್ಲಿ ಸಣ್ಣ ಕಂತು, ಮಟ್ಟಸವಾದ ಮೇಲೆ ದೊಡ್ಡ ಕಂತು.

ಹಾಸ್ಟೆಲ್ ಮೂಲೆ ರೂಮಿನ ವೈಫೈ

ವ್ಯರ್ಥವಾದ ಒಂದು ಎಂಬಿ ಎಲ್ಲ ಕಡೆ ಒಂದೇ ಬೆಲೆಯದ್ದಲ್ಲ. ವೈಫೈನಲ್ಲಿ ನಾವು ಹಂಚಿಕೊಳ್ಳೋದು ಬಿಟ್‌ಗಳನ್ನಲ್ಲ, ಸಮಯವನ್ನು. ಒಬ್ಬರು ಮಾತಾಡುವಾಗ ಅದೇ ಚಾನೆಲ್‌ನಲ್ಲಿ ಇನ್ನೊಬ್ಬರು ಸುಮ್ಮನಿರಬೇಕು. ಆ್ಯಕ್ಸೆಸ್ ಪಾಯಿಂಟ್ ಎದುರಿನ ರೂಮಿನಲ್ಲಿ 100 ಎಂಬಿಪಿಎಸ್ ಸಿಗುತ್ತೆ, ಕಾರಿಡಾರ್‌ನ ತುದಿಯಲ್ಲಿ 6 ಎಂಬಿಪಿಎಸ್ ಅಂತ ಇಟ್ಟುಕೊಳ್ಳಿ. ಹತ್ತಿರದ ರೂಮಿನವರು 5 ಎಂಬಿಪಿಎಸ್‌ನ ವಿಡಿಯೋದಲ್ಲಿ 60 ಸೆಕೆಂಡ್ ಬಫರ್ ಬಿಸಾಕಿದರೆ ಗಾಳಿಯಲ್ಲಿ ವ್ಯರ್ಥವಾದ ಸಮಯ 300/100, ಅಂದ್ರೆ 3 ಸೆಕೆಂಡ್. ತುದಿಯ ರೂಮಿನವರಿಗೆ ಬರೋದು 1 ಎಂಬಿಪಿಎಸ್‌ನ ಮಸುಕು ವಿಡಿಯೋ. ಅವರು ಬಿಸಾಕಿದ 60 ಸೆಕೆಂಡ್‌ಗೆ 60/6, ಅಂದ್ರೆ 10 ಸೆಕೆಂಡ್. ಬಿಟ್‌ಗಳು ಐದನೇ ಒಂದು ಭಾಗ, ಆದರೆ ಎಲ್ಲರ ಸಮಯ ತಿಂದದ್ದು ಮೂರು ಪಟ್ಟಿಗಿಂತ ಹೆಚ್ಚು.

ಈ ಲೆಕ್ಕ ನೋಡಿ ತುದಿಯ ರೂಮಿನವರ ಬಫರ್ ಕತ್ತರಿಸೋಣ ಅನ್ನಿಸಬಹುದು. ಆದರೆ ಸಿಗ್ನಲ್ ಅಲುಗಾಡುವುದೂ ಅಲ್ಲೇ, ಬಫರ್ ಹೆಚ್ಚು ಬೇಕಾಗಿರೋದೂ ಅಲ್ಲೇ. ಸರಿಯಾದ ಪರಿಹಾರ ಕಾರಿಡಾರ್‌ಗೆ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್. ಸಾಫ್ಟ್‌ವೇರ್‌ನಲ್ಲಿ ಎಷ್ಟೇ ಜಾಣತನ ಮಾಡಿದರೂ ಕೆಲವು ಸಮಸ್ಯೆಗಳಿಗೆ ಏಣಿ, ಡ್ರಿಲ್, ಕೇಬಲ್ ಬೇಕೇ ಬೇಕು.

ಧೋನಿ ಔಟಾದಾಗ ಏನಾಯ್ತು

ಇಲ್ಲಿಯವರೆಗೆ ಒಬ್ಬರ ನಡವಳಿಕೆ ನೋಡಿದೆವು. ಕೋಟಿ ಜನ ಒಂದೇ ಸಲ ಒಂದೇ ರೀತಿ ನಡೆದುಕೊಂಡರೆ? 2019ರ ವಿಶ್ವಕಪ್ ಸೆಮಿಫೈನಲ್ ನೆನಪಿಸಿಕೊಳ್ಳಿ. ಮ್ಯಾಂಚೆಸ್ಟರ್‌ನಲ್ಲಿ ಭಾರತ–ನ್ಯೂಜಿಲೆಂಡ್ ಪಂದ್ಯ, ಮಳೆ ಬಂದು ಜುಲೈ 10ಕ್ಕೆ ಮುಂದುವರಿಯಿತು. 240 ಬೇಕು, ಜಡೇಜಾ–ಧೋನಿ ಆಡುತ್ತಿದ್ದಾರೆ. ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ ನೋಡುತ್ತಿದ್ದವರ ಸಂಖ್ಯೆ 2.53 ಕೋಟಿ ಮುಟ್ಟಿತು. ಗಪ್ಟಿಲ್ ಎಸೆದ ನೇರ ಥ್ರೋಗೆ ಧೋನಿ ರನೌಟ್. ಆ ಮೇಲೆ ಗ್ರಾಫ್ ಬಂಡೆಯಿಂದ ಬಿದ್ದ ಹಾಗೆ ಕೆಳಗಿಳಿಯಿತು.

ನೋಡುವವರು ಹೋದರೆ ಸರ್ವರ್‌ಗಳು ಉಸ್ಸಪ್ಪಾ ಅನ್ನಬೇಕು ಅಲ್ವಾ? ಹಾಗಾಗಲ್ಲ. ಆ್ಯಪ್‌ನಿಂದ ಆಚೆ ಹೋಗುವ ಬಹಳಷ್ಟು ಜನ ಒತ್ತೋದು ಬ್ಯಾಕ್ ಬಟನ್. ಅದು ಆ್ಯಪ್‌ನ ಮುಖಪುಟಕ್ಕೆ ಕರೆದೊಯ್ಯುತ್ತೆ. ಆ ಮುಖಪುಟದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಶಿಫಾರಸು, ಅರ್ಧಕ್ಕೆ ಬಿಟ್ಟ ಧಾರಾವಾಹಿಗಳ ಪಟ್ಟಿ, ಇನ್ನೂ ಏನೇನೋ. ವಿಡಿಯೋದ ತುಣುಕು ಎಲ್ಲರಿಗೂ ಒಂದೇ ಆದ್ದರಿಂದ ಸಿಡಿಎನ್‌ನ ಕ್ಯಾಶ್‌ನಿಂದ ಸಲೀಸಾಗಿ ಹೋಗುತ್ತೆ. ಮುಖಪುಟ ಒಬ್ಬೊಬ್ಬರಿಗೂ ಬೇರೆ, ಅದನ್ನು ಕಂಪನಿಯ ಸ್ವಂತ ಸರ್ವರ್‌ಗಳೇ ಲೆಕ್ಕ ಹಾಕಿ ಕೊಡಬೇಕು. ಹಾಗಾಗಿ ವಿಡಿಯೋ ಲೋಡ್ ಬಿದ್ದ ಕ್ಷಣದಲ್ಲೇ ಮುಖಪುಟದ ಲೋಡ್ ಜಿಗಿಯುತ್ತೆ. ಎದ್ದು ಹೋಗುವುದೂ ಒಂದು ಲೋಡ್! ಪಂದ್ಯ ಮುಗಿದ ಮೇಲೆ ಸ್ಟೇಡಿಯಂ ಒಳಗೆ ಖಾಲಿ, ಗೇಟಿನಲ್ಲಿ ನೂಕುನುಗ್ಗಲು.

ಇದಕ್ಕೆ ಅವರ ಎಂಜಿನಿಯರ್‌ಗಳು ಮಾಡಿಕೊಂಡ ಏರ್ಪಾಡನ್ನು ಸಾರ್ವಜನಿಕ ಭಾಷಣಗಳಲ್ಲಿ ವಿವರಿಸಿದ್ದಾರೆ. ಲೋಡ್ ಏರಿದ ಮೇಲೆ ತಾನಾಗಿ ಸರ್ವರ್ ಸೇರಿಸುವ ಆಟೋಸ್ಕೇಲಿಂಗನ್ನು ಅವರು ನಂಬಿ ಕೂರಲಿಲ್ಲ. ನಿಮಿಷಕ್ಕೆ ಲಕ್ಷಗಟ್ಟಲೆ ಜನ ಬರುವಾಗ ಹೊಸ ಸರ್ವರ್ ಏಳುವಷ್ಟರಲ್ಲಿ ಕೆಲಸ ಕೆಟ್ಟಿರುತ್ತೆ. ಬದಲಿಗೆ ಇಷ್ಟು ಜನ ಇದ್ದರೆ ಇಷ್ಟು ಸರ್ವರ್ ಅಂತ ಮೆಟ್ಟಿಲು ಕಟ್ಟಿಕೊಂಡು, ಜನ ಆ ಮೆಟ್ಟಿಲು ತಲುಪುವ ಮೊದಲೇ ಸಜ್ಜು ಮಾಡಿಟ್ಟರು. ವಿಪರೀತವಾದರೆ ಶಿಫಾರಸುಗಳಂಥ ಅನಿವಾರ್ಯವಲ್ಲದ ಸೇವೆಗಳನ್ನು ಆರಿಸಿ, ವಿಡಿಯೋ ಮಾತ್ರ ನಿಲ್ಲದಂತೆ ನೋಡಿಕೊಂಡರು. ಮದುವೆ ಮನೆಯಲ್ಲಿ ಪಂಕ್ತಿ ತುಂಬಿದಾಗ ಕೋಸಂಬರಿ ಬಿಟ್ಟರೂ ಅನ್ನ–ಸಾರು ನಿಲ್ಲಬಾರದು ಅನ್ನುವ ಲೆಕ್ಕಾಚಾರ. ಈ ಎಲ್ಲದಕ್ಕೂ ಬೇಕಾಗಿದ್ದು ಕ್ರಿಕೆಟ್ ನೋಡುವವರ ಮನಸ್ಸಿನ ಪರಿಚಯ: ಯಾರು ಬ್ಯಾಟಿಂಗ್‌ಗೆ ಬಂದರೆ ಜನ ಸೇರುತ್ತಾರೆ, ಡ್ರಿಂಕ್ಸ್‌ಗೆ ಎಷ್ಟು ಜನ ಏಳುತ್ತಾರೆ. 2023ರ ವಿಶ್ವಕಪ್ ಫೈನಲ್ ಹೊತ್ತಿಗೆ ಅದೇ ವೇದಿಕೆಯಲ್ಲಿ ಏಕಕಾಲದ ಸಂಖ್ಯೆ 5.9 ಕೋಟಿ ತಲುಪಿತ್ತು.

ಲೈವ್ ಅಲ್ಲದ ಕಡೆ ಇನ್ನೂ ನಿರಾಳ. ನೆಟ್‌ಫ್ಲಿಕ್ಸ್ ತನ್ನ ಓಪನ್ ಕನೆಕ್ಟ್ ಯೋಜನೆಯಲ್ಲಿ ಇಂಟರ್‌ನೆಟ್ ಕಂಪನಿಗಳ ಕಟ್ಟಡದೊಳಗೇ ತನ್ನ ಪೆಟ್ಟಿಗೆಗಳನ್ನು ಇಡುತ್ತೆ. ನಾಳೆ ಆ ಭಾಗದ ಜನ ಏನು ನೋಡಬಹುದು ಅಂತ ಊಹಿಸಿ, ಟ್ರಾಫಿಕ್ ಕಡಿಮೆ ಇರುವ ಹೊತ್ತಿನಲ್ಲಿ ಅವುಗಳನ್ನು ತುಂಬಿಡುತ್ತೆ. ನಿನ್ನೆ ಮೂರನೇ ಎಪಿಸೋಡ್ ಮುಗಿಸಿದವರು ಇವತ್ತು ನಾಲ್ಕನೆಯದಕ್ಕೆ ಬರುತ್ತಾರೆ ಅನ್ನೋದಕ್ಕೆ ದೊಡ್ಡ ಜ್ಯೋತಿಷ್ಯ ಬೇಕಿಲ್ಲ. ಸಂಜೆಯ ಜನಜಂಗುಳಿಯ ಹೊತ್ತಿಗೆ ದೂರದ ಲಿಂಕ್‌ಗಳು ಖಾಲಿ ಇರುತ್ತವೆ. ಊಹೆ ಇಲ್ಲದೆ ಲೋಡ್ ಇಳಿಸಬೇಕಾದರೆ ಏನಾಗುತ್ತೆ ಅನ್ನೋದಕ್ಕೆ 2020ರ ಮಾರ್ಚ್ ನೋಡಿ: ಲಾಕ್‌ಡೌನ್‌ನಲ್ಲಿ ಅದೇ ಕಂಪನಿ ಯುರೋಪಿನಾದ್ಯಂತ 30 ದಿನ ಬಿಟ್‌ರೇಟ್ ಇಳಿಸಿತು, ಟ್ರಾಫಿಕ್ 25% ಇಳಿಯುತ್ತೆ ಅನ್ನುವ ಅಂದಾಜಿನಲ್ಲಿ. ಎಲ್ಲರಿಗೂ ಒಂದೇ ಕತ್ತರಿ.

ಸುಮ್ಮನೆ ಕಾಯುವವರ ಗತಿ ಏನು?

ನನಗೆ ಈ ವಿಷಯದಲ್ಲಿ ಅತ್ಯಂತ ಮುಖ್ಯ ಅನ್ನಿಸುವ ಅಧ್ಯಯನ 2012ರದ್ದು. ಅಕಮಾಯ್ ಕಂಪನಿಯ ಜಾಲದಲ್ಲಿ ಕೃಷ್ಣನ್ ಮತ್ತು ರಮೇಶ್ ಸೀತಾರಾಮನ್ ಅನ್ನುವವರು ಹತ್ತು ದಿನಗಳ 2.3 ಕೋಟಿ ವೀಕ್ಷಣೆಗಳನ್ನು ತೆಗೆದುಕೊಂಡು ನೋಡಿದರು. ವಿಡಿಯೋ ಶುರುವಾಗೋಕೆ 2 ಸೆಕೆಂಡ್‌ಗಿಂತ ತಡವಾದರೆ ಜನ ಬಿಟ್ಟುಹೋಗಲು ಶುರು ಮಾಡುತ್ತಾರೆ, ಅಲ್ಲಿಂದ ಮುಂದೆ ಪ್ರತಿ ಸೆಕೆಂಡ್ ತಡಕ್ಕೆ ಬಿಟ್ಟುಹೋಗುವ ಪ್ರಮಾಣ 5.8% ಏರುತ್ತೆ. ವಿಡಿಯೋದ ಉದ್ದದ 1% ಹೊತ್ತು ನಡುವೆ ನಿಂತರೆ ಜನ 5% ಕಡಿಮೆ ನೋಡುತ್ತಾರೆ. ಇದಕ್ಕೂ ಒಂದು ವರ್ಷ ಮೊದಲು ಬಂದ ಇನ್ನೊಂದು ಅಧ್ಯಯನ ಲೈವ್ ಬಗ್ಗೆ ಇಂಥದ್ದೇ ಹೇಳಿತ್ತು: 90 ನಿಮಿಷದ ಕಾರ್ಯಕ್ರಮದಲ್ಲಿ ನಿಲ್ಲುವ ಹೊತ್ತು 1% ಹೆಚ್ಚಾದರೆ ನೋಡುವ ಹೊತ್ತು 3 ನಿಮಿಷಕ್ಕಿಂತ ಹೆಚ್ಚು ಇಳಿಯುತ್ತೆ.

ಈ ಸಂಖ್ಯೆಗಳಿಗಿಂತ ಅವರು ಅಳೆದ ರೀತಿ ಹೆಚ್ಚು ಕಲಿಯುವಂಥದ್ದು. ತಡವಾದ ಕಡೆ ಜನ ಕಡಿಮೆ ನೋಡಿದರು ಅಂದಮಾತ್ರಕ್ಕೆ ತಡವೇ ಕಾರಣ ಅನ್ನೋಕಾಗಲ್ಲ. ನೆಟ್ ನಿಧಾನ ಇರುವ ಊರಿನವರಿಗೆ ಆ ವಿಡಿಯೋದಲ್ಲಿ ಆಸಕ್ತಿಯೇ ಇಲ್ಲದಿರಬಹುದು. ಅದಕ್ಕೆ ಅವರು ಜೋಡಿ ಮಾಡಿದರು: ಒಂದೇ ಪ್ರದೇಶ, ಒಂದೇ ಥರದ ಸಂಪರ್ಕ, ಅದೇ ವಿಡಿಯೋ, ಆದರೆ ಒಬ್ಬರಿಗೆ ಬೇಗ ಶುರುವಾಗಿದೆ, ಇನ್ನೊಬ್ಬರಿಗೆ ತಡವಾಗಿದೆ. ಔಷಧದ ಪರಿಣಾಮ ತಿಳಿಯೋಕೆ ವೈದ್ಯಕೀಯದಲ್ಲಿ ಬಳಸುವ ವಿಧಾನವನ್ನೇ ನೆಟ್‌ವರ್ಕ್‌ಗೆ ತಂದರು. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಎರಡು ಕಾಲಮ್‌ಗಳ ಕೋರಿಲೇಶನ್ ಹಾಕಿ "ಆದ್ದರಿಂದ" ಅಂತ ಬರೆಯುವ ನಮ್ಮಂಥವರು ಇದನ್ನು ಒಮ್ಮೆ ಓದಬೇಕು.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಫೈಬರ್ ಸಂಪರ್ಕ ಇರುವವರಿಗೆ ತಾಳ್ಮೆ ಕಡಿಮೆ, ಮೊಬೈಲ್ ನೆಟ್‌ನವರಿಗೆ ಜಾಸ್ತಿ. ವೇಗಕ್ಕೆ ಒಗ್ಗಿದವರು ಬೇಗ ಬಿಟ್ಟುಹೋಗುತ್ತಾರೆ, ನಿಧಾನಕ್ಕೆ ಒಗ್ಗಿದವರು ಕಾಯುತ್ತಾರೆ. ಓದಿದಾಗ ಸಹಜವೇ ಅನ್ನಿಸುತ್ತೆ. ಈಗ ಇದನ್ನು ಒಂದು ಆಲ್ಗರಿದಮ್‌ಗೆ ಕೊಡಿ.

ಗುರಿ: ಒಟ್ಟಾರೆ ಬಿಟ್ಟುಹೋಗುವವರ ಸಂಖ್ಯೆ ಕನಿಷ್ಠ ಇರಬೇಕು. ಸಂಪನ್ಮೂಲ ಸೀಮಿತ. ಬೆಂಗಳೂರಿನ ಬಡಾವಣೆಯೊಂದರ ಫೈಬರ್ ಗ್ರಾಹಕರು ನಾಲ್ಕು ಸೆಕೆಂಡ್ ಕಾಯಿಸಿದರೆ ಎದ್ದು ಹೋಗುತ್ತಾರೆ. ತಾಲೂಕಿನ ಆಚೆ ಒಂದೇ ಟವರ್ ನೆಚ್ಚಿಕೊಂಡ ಹಳ್ಳಿಯ ಹುಡುಗಿ ಸಿಇಟಿ ಪಾಠದ ವಿಡಿಯೋಗೆ ಎಂಟು ಸೆಕೆಂಡ್ ಕಾಯುತ್ತಾಳೆ, ನಡುವೆ ಮೂರು ಸಲ ನಿಂತರೂ ಮುಚ್ಚುವುದಿಲ್ಲ, ಯಾಕಂದ್ರೆ ಅವಳಿಗೆ ಬೇರೆ ದಾರಿ ಇಲ್ಲ. ಆಲ್ಗರಿದಮ್‌ನ ಕಣ್ಣಿಗೆ ಏನು ಕಾಣುತ್ತೆ? ಹಳ್ಳಿಯಲ್ಲಿ ಎಲ್ಲ ಸರಿ ಇದೆ, ಯಾರೂ ಬಿಟ್ಟುಹೋಗುತ್ತಿಲ್ಲ. ನಗರದಲ್ಲಿ ಸಮಸ್ಯೆ ಇದೆ, ಕ್ಯಾಶ್ ಅಲ್ಲಿ ಹೆಚ್ಚಿಸು. ಅಳುವ ಮಗುವಿಗೆ ಹಾಲು. ಮುಂದಿನ ತಿಂಗಳು ಹಳ್ಳಿಯ ಸೇವೆ ಇನ್ನಷ್ಟು ನಿಧಾನ, ಅವರು ಇನ್ನಷ್ಟು ಕಾಯಲು ಒಗ್ಗುತ್ತಾರೆ, ಡೇಟಾದಲ್ಲಿ ಇನ್ನಷ್ಟು "ತೃಪ್ತ"ರಾಗಿ ಕಾಣುತ್ತಾರೆ. ಕೋಡ್ ಬರೆದವರ ಮನಸ್ಸಿನಲ್ಲಿ ಯಾವ ಕೆಟ್ಟ ಉದ್ದೇಶವೂ ಇರಬೇಕಿಲ್ಲ. ಗುರಿಯ ಸೂತ್ರ ಬರೆದ ಕೂಡಲೇ ಅನ್ಯಾಯ ಅದರೊಳಗೆ ಕೂತಾಯ್ತು.

ಹಾಗಾಗಿ ನನ್ನ ಅಭಿಪ್ರಾಯ ಇದು: ಎಷ್ಟು ತರಬೇಕು, ಎಲ್ಲಿ ಮೊದಲೇ ಇಡಬೇಕು ಅನ್ನುವ ಪ್ರಶ್ನೆಗೆ ನೋಡುವವರ ನಡವಳಿಕೆ ಒಳ್ಳೆಯ ಉತ್ತರ ಕೊಡುತ್ತೆ. ಯಾರಿಗೆ ಎಷ್ಟು ಸಿಗಬೇಕು ಅನ್ನುವ ಪ್ರಶ್ನೆಗೆ ಅದನ್ನೊಂದೇ ಕೇಳಬಾರದು. ಶುರುವಾಗಲು ಹಿಡಿದ ಸಮಯ, ನಿಂತ ಸೆಕೆಂಡ್‌ಗಳು ಇವನ್ನು ನೇರವಾಗಿ ಅಳೆಯಬಹುದು, ಇವಕ್ಕೆ ತಾಳ್ಮೆಯ ಬಣ್ಣ ಅಂಟಿಲ್ಲ. ಪ್ರತಿ ಪ್ರದೇಶಕ್ಕೂ ಇವುಗಳ ಒಂದು ಕನಿಷ್ಠ ಮಟ್ಟ ಕಟ್ಟಿ, ಅದು ಮುಟ್ಟಿದ ಮೇಲೆ ಉಳಿದ ಸಾಮರ್ಥ್ಯವನ್ನು ನಡವಳಿಕೆ ನೋಡಿ ಹಂಚಲಿ. ಆಪ್ಟಿಮೈಸೇಶನ್ ಭಾಷೆಯಲ್ಲಿ ಹೇಳೋದಾದ್ರೆ ನ್ಯಾಯ ಆಬ್ಜೆಕ್ಟಿವ್ ಫಂಕ್ಷನ್‌ನಲ್ಲಿ ಒಂದು ಪದವಾಗಿ ಇರೋದಕ್ಕಿಂತ ಕನ್‌ಸ್ಟ್ರೇಂಟ್ ಆಗಿರೋದು ಮೇಲು. ಪದವಾದರೆ ಅದರ ತೂಕವನ್ನು ಯಾರೋ ಒಂದು ದಿನ ಮೆಲ್ಲಗೆ ಇಳಿಸುತ್ತಾರೆ.

ಇನ್ನು ಖಾಸಗಿತನ. ನೀವು ಎಲ್ಲಿ ನಿಲ್ಲಿಸಿದಿರಿ, ಯಾವ ದೃಶ್ಯವನ್ನು ಎರಡು ಸಲ ನೋಡಿದಿರಿ ಅನ್ನೋದು ನಿಮ್ಮ ಬಗ್ಗೆ ಬಹಳ ಹೇಳುತ್ತೆ. ಆ್ಯಪ್‌ಗೆ ಇದೆಲ್ಲ ಗೊತ್ತು, ಆದರೆ ಟ್ರಾಫಿಕ್ ಎನ್‌ಕ್ರಿಪ್ಟ್ ಆಗಿರೋದ್ರಿಂದ ನಡುವಿನ ಇಂಟರ್‌ನೆಟ್ ಕಂಪನಿಗೆ ಗೊತ್ತಿಲ್ಲ ಅಂತ ಸಮಾಧಾನಪಟ್ಟುಕೊಳ್ಳುತ್ತೇವೆ. ಅದೂ ಪೂರ್ತಿ ನಿಜವಲ್ಲ. ತುಣುಕುಗಳ ಗಾತ್ರ ದೃಶ್ಯದಿಂದ ದೃಶ್ಯಕ್ಕೆ ಬದಲಾಗುತ್ತೆ: ಓಟದ ದೃಶ್ಯ ದಪ್ಪ, ಸುಮ್ಮನೆ ಮಾತಾಡುವ ದೃಶ್ಯ ತೆಳು. ಆ ಗಾತ್ರಗಳ ಸರಣಿ ಬೆರಳಚ್ಚಿನ ಹಾಗೆ. 2017ರಲ್ಲಿ ಇಬ್ಬರು ಸಂಶೋಧಕರು 42,027 ನೆಟ್‌ಫ್ಲಿಕ್ಸ್ ವಿಡಿಯೋಗಳ ಇಂಥ ಬೆರಳಚ್ಚು ಸಂಗ್ರಹಿಸಿ, ಎನ್‌ಕ್ರಿಪ್ಟ್ ಆದ ಟ್ರಾಫಿಕ್ ನೋಡಿಯೇ ಯಾವ ವಿಡಿಯೋ ಓಡುತ್ತಿದೆ ಅಂತ ಗುರುತಿಸಬಹುದು ಅಂತ ತೋರಿಸಿದರು. ಆದ್ದರಿಂದ ಇಂಥ ವ್ಯವಸ್ಥೆ ಕಟ್ಟುವಾಗ ಕಚ್ಚಾ ದಾಖಲೆ ಫೋನ್‌ನಲ್ಲೇ ಇರಲಿ, ಸರ್ವರ್‌ಗೆ ಹೋಗೋದು "ಈ ವಿಡಿಯೋದಲ್ಲಿ ಇಷ್ಟನೇ ಸೆಕೆಂಡ್‌ಗೆ ಇಷ್ಟು ಜನ ಉಳಿದರು" ಅನ್ನುವ ಒಟ್ಟು ಲೆಕ್ಕ ಮಾತ್ರ. ಬಫರ್ ಎಷ್ಟಿರಬೇಕು ಅಂತ ತೀರ್ಮಾನಿಸೋಕೆ ಆ ಗ್ರಾಫ್ ಸಾಕು, ಹೆಸರು ಬೇಕಿಲ್ಲ.

ಕೈಯಾರೆ ಮಾಡಿ ನೋಡುವವರಿಗೆ

ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಇಲ್ಲಿಂದ ಶುರು ಮಾಡಬಹುದು. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ತೆರೆಯಿರಿ. ಅಲ್ಲಿ "ಬಫರ್ ಹೆಲ್ತ್" ಅಂತ ಸೆಕೆಂಡ್‌ಗಳಲ್ಲಿ ಕಾಣುತ್ತೆ, ಅದೇ ನಮ್ಮ ಮಸುಕು ಗೆರೆಯ ಉದ್ದ. ಪ್ಲೇ ಒತ್ತಿದ 5, 15, 30, 60ನೇ ಸೆಕೆಂಡ್‌ಗಳಲ್ಲಿ ಅದನ್ನು ಬರೆದುಕೊಳ್ಳಿ. ಹಾಡು, ಲೆಕ್ಚರ್, ಸಿನಿಮಾ ಮೂರಕ್ಕೂ ಮಾಡಿ. ವೈಫೈನಲ್ಲಿ ಒಮ್ಮೆ, ಹಾಟ್‌ಸ್ಪಾಟ್‌ನಲ್ಲಿ ಒಮ್ಮೆ. ನೀವು ಮುಚ್ಚಿದ ಕ್ಷಣದ ಬಫರ್ ಹೆಲ್ತನ್ನು ಬಿಟ್‌ರೇಟ್‌ನಿಂದ ಗುಣಿಸಿದರೆ ನಿಮ್ಮ ವ್ಯರ್ಥದ ಲೆಕ್ಕ ಸಿಕ್ಕಿತು.

ಮುಂದಿನ ಹೆಜ್ಜೆಗೆ ಡ್ಯಾಶ್.ಜೆಎಸ್ ಇದೆ. ಓಪನ್ ಸೋರ್ಸ್ ಪ್ಲೇಯರ್, ಬ್ರೌಸರ್‌ನಲ್ಲೇ ಓಡುತ್ತೆ, ಎಷ್ಟು ಸೆಕೆಂಡ್ ಬಫರ್ ಇಡಬೇಕು ಅನ್ನೋದನ್ನು ಸೆಟ್ಟಿಂಗ್‌ನಲ್ಲಿ ಬದಲಿಸಬಹುದು. ಶುರುವಿನಲ್ಲಿ ಚಿಕ್ಕದಿಟ್ಟು, ಒಂದು ನಿಮಿಷ ದಾಟಿದ ಮೇಲೆ ಹಿಗ್ಗಿಸುವ ನಾಲ್ಕು ಸಾಲಿನ ಕೋಡ್ ಹಾಕಿ, ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ವೇಗ ಇಳಿಸಿ ನೋಡಿ. ಎಷ್ಟು ಎಂಬಿ ಉಳಿಯಿತು, ಎಷ್ಟು ಸಲ ವಿಡಿಯೋ ನಿಂತಿತು, ಎರಡನ್ನೂ ಬರೆಯಿರಿ. ಒಂದನ್ನೇ ಬರೆದರೆ ಗೈಡ್ ಇನ್ನೊಂದನ್ನು ಕೇಳಿಯೇ ಕೇಳುತ್ತಾರೆ.

ಇದಕ್ಕೆ ನ್ಯೂರಲ್ ನೆಟ್‌ವರ್ಕ್ ಬೇಕಲ್ವಾ ಅನ್ನುವವರಿಗೆ ಒಂದು ಮಾತು. ಸ್ಟ್ಯಾನ್‌ಫರ್ಡ್‌ನವರು ಪಫರ್ ಅನ್ನುವ ಉಚಿತ ಟಿವಿ ಸೇವೆ ನಡೆಸಿ, ನೋಡುಗರಿಗೆ ಗೊತ್ತಾಗದ ಹಾಗೆ ಚೀಟಿ ಎತ್ತಿದಂತೆ ಬೇರೆ ಬೇರೆ ಆಲ್ಗರಿದಮ್ ಹಂಚಿದರು. 63,508 ಬಳಕೆದಾರರು, ಒಟ್ಟು 38.6 ವರ್ಷಗಳಷ್ಟು ವಿಡಿಯೋ. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಬಫರ್ ಎಷ್ಟಿದೆ ಅಂತಷ್ಟೇ ನೋಡಿ ತೀರ್ಮಾನಿಸುವ ಹಳೆಯ ಸರಳ ವಿಧಾನ ಕೆಲವು ಹೊಸ, ಸಂಕೀರ್ಣ ವಿಧಾನಗಳ ಎದುರು ಆಶ್ಚರ್ಯವಾಗುವಷ್ಟು ಚೆನ್ನಾಗಿ ನಿಂತಿತು. ಗೆದ್ದದ್ದು ಅವರದೇ ಕಲಿಯುವ ಆಲ್ಗರಿದಮ್, ಅದು ಕಲಿತದ್ದು ಸಿಮ್ಯುಲೇಟರ್‌ನಲ್ಲಿ ಅಲ್ಲ, ಅದೇ ಸೇವೆಯ ನಿಜವಾದ ನೋಡುಗರ ಡೇಟಾದಿಂದ. ಆ ಡೇಟಾವನ್ನು ಅವರು ಸಾರ್ವಜನಿಕವಾಗಿ ಬಿಡುಗಡೆ ಮಾಡಿದ್ದಾರೆ, ಬೇಕಾದವರು ಇಳಿಸಿಕೊಂಡು ಸರ್ವೈವಲ್ ಕರ್ವ್ ಎಳೆಯಬಹುದು. ಒಂದೇ ಎಚ್ಚರಿಕೆ, ಅದು ಅಮೆರಿಕದ ಟಿವಿ ನೋಡುವವರ ಕರ್ವ್. ಕಾರಿಡಾರ್ ತುದಿಯ ರೂಮಿನದು ಬೇಕಾದರೆ ಅಲ್ಲಿನವರನ್ನು ಕೇಳಿ, ಅವರು ಒಪ್ಪಿದ ಮೇಲೆ, ಅಲ್ಲೇ ಕೂತು ಅಳೆಯಬೇಕು.